ಎರಡು ವರ್ಷದ ಮಗುವಿನೊಂದಿಗೆ ಥೀಮ್ ಪಾರ್ಕಿಗೆ: ದಿನವನ್ನು ಮಗುವಿನ ನಿದ್ದೆಗೆ ಹೊಂದಿಸುವುದು ಹೇಗೆ?

ಥೀಮ್ ಪಾರ್ಕಿನ ಬಾಗಿಲಲ್ಲಿ ಟಿಕೆಟ್‌ಗೆ ಹಣ ತೆತ್ತ ತಂದೆತಾಯಿಗಳಿಗೆ, ಒಳಗೆ ಕಾಲಿಟ್ಟ ಕ್ಷಣದಿಂದಲೇ ಆ ಹಣವನ್ನು ರೈಡ್‌ಗಳ ಲೆಕ್ಕದಲ್ಲಿ ವಸೂಲಿ ಮಾಡಬೇಕೆಂಬ ಆತುರ ಹತ್ತುತ್ತದೆ. ಎರಡು ವರ್ಷದ ಮಗುವಿಗೆ ಆ ಲೆಕ್ಕ ಗೊತ್ತಿರುವುದಿಲ್ಲ. ನಮ್ಮ ಮಗಳಿಗೆ ಎರಡೂವರೆ ವರ್ಷವಾಗಿದ್ದಾಗ ಡೊಂಬಿವಲಿಯಿಂದ ಬೆಳಗ್ಗೆ ಹೊರಟು ಇಂಥದೊಂದು ಪಾರ್ಕಿಗೆ ಹೋಗಿದ್ದೆವು. ಆ ಇಡೀ ದಿನದಲ್ಲಿ ಅವಳು ಮೈಮರೆತು ನೋಡಿದ್ದು ಹೂಗಿಡಗಳಿಗೆ ಪೈಪಿನಿಂದ ನೀರು ಹಾಯಿಸುತ್ತಿದ್ದ ಮಾಲಿಯನ್ನು ಮಾತ್ರ. ಹನ್ನೆರಡೂವರೆಯ ಬಿಸಿಲಿನಲ್ಲಿ, ಮುಕ್ಕಾಲು ಗಂಟೆ ನಿಂತ ಸರದಿ ಸಾಲಿನ ತುದಿ ಕಣ್ಣಿಗೆ ಕಾಣುತ್ತಿದ್ದಾಗಲೇ, ಅತ್ತು ಅತ್ತು ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋದಳು. ಮರುವರ್ಷ ಮತ್ತೊಮ್ಮೆ ಹೋದಾಗ ಮೂರೇ ರೈಡ್ ಹತ್ತಿದೆವು, ಒಂದೂವರೆ ಗಂಟೆ ಮಲಗಿಸಿದೆವು, ಕತ್ತಲಾಗುವ ಮೊದಲೇ ಹೊರಬಿದ್ದೆವು, ಯಾರೂ ಅಳಲಿಲ್ಲ. ಒಂದರಿಂದ ನಾಲ್ಕು ವರ್ಷದೊಳಗಿನ ಮಕ್ಕಳಿರುವ ಮುಂಬಯಿ ಮತ್ತು ಪುಣೆಯ ಕನ್ನಡಿಗ ಕುಟುಂಬಗಳಿಗಾಗಿ, ಆ ಎರಡನೆಯ ದಿನದಂತಹ ದಿನವನ್ನು ಯೋಜಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹೊರಡುವ ಮೊದಲು ಒಂದು ತಾಲೀಮು

ಮುಂಬಯಿಯಲ್ಲಿ ಬೆಳೆದ ಹಿಂದಿನ ತಲೆಮಾರಿನವರಿಗೆ ಇಂತಹ ವಿಹಾರವೆಂದರೆ 1989ರಲ್ಲಿ ಗೊರಾಯಿಯಲ್ಲಿ ಆರಂಭವಾದ ಎಸ್ಸೆಲ್ ವರ್ಲ್ಡ್, ಮತ್ತು ಅಲ್ಲಿಗೆ ಹೋಗಲು ಖಾಡಿ ದಾಟುತ್ತಿದ್ದ ದೋಣಿ. ಇಂದಿನ ದೊಡ್ಡ ಆಕರ್ಷಣೆ 2013ರಲ್ಲಿ ತೆರೆದ, ಖೋಪೋಲಿ–ಪಾಲಿ ರಸ್ತೆಯಲ್ಲಿರುವ ಇಮ್ಯಾಜಿಕಾ. ಅದರ ಪಕ್ಕದಲ್ಲಿಯೇ ವಾಟರ್ ಪಾರ್ಕ್ ಕೂಡ ಇದೆ. ಆದರೆ ಮಗುವಿನ ಮೊದಲ ಇಡೀ ದಿನದ ಹೊರಸಂಚಾರವೇ ಇಂತಹ ದುಬಾರಿ ಜಾಗಕ್ಕೆ ಆಗುವುದು ಸರಿಯಲ್ಲ. ಅದಕ್ಕೂ ಕೆಲವು ವಾರ ಮೊದಲು ಭಾಯಖಳಾದ ರಾಣಿಬಾಗ್ ಮೃಗಾಲಯಕ್ಕೆ ಅರ್ಧ ದಿನ ಕರೆದುಕೊಂಡು ಹೋಗಿ ನೋಡಿರಿ. ಅಲ್ಲಿನ ಪೆಂಗ್ವಿನ್‌ಗಳನ್ನು 2017ರಿಂದ ಸಾರ್ವಜನಿಕರು ನೋಡಬಹುದಾಗಿದೆ, ಪ್ರವೇಶದರ ಕಡಿಮೆ, ಬುಧವಾರ ಮಾತ್ರ ರಜೆ. ಮಗು ಎಷ್ಟು ದೂರ ನಡೆದ ಮೇಲೆ ಎತ್ತಿಕೊಳ್ಳೆಂದು ಕೈಚಾಚುತ್ತದೆ, ಗರ್ದಿಯಲ್ಲಿ ಕೈ ಬಿಡಿಸಿಕೊಂಡು ಓಡುತ್ತದೆಯೇ, ಪೆಂಗ್ವಿನ್ ಮನೆಯ ಅರೆಗತ್ತಲಿನಲ್ಲಿ ಹೆದರುತ್ತದೆಯೇ ಎಂಬ ಮೂರು ಸಂಗತಿಗಳು ಅಲ್ಲಿ ತಿಳಿದುಬಿಡುತ್ತವೆ. ಅರೆಗತ್ತಲಿಗೆ ಅಂಜುವ ಮಗುವನ್ನು ಥೀಮ್ ಪಾರ್ಕಿನ ಯಾವುದೇ ಮುಚ್ಚಿದ ರೈಡ್‌ಗೆ ಕರೆದೊಯ್ಯುವ ಯೋಚನೆಯನ್ನು ಅಂದೇ ಕೈಬಿಡಬಹುದು.

ದಿನವನ್ನು ಆರಿಸುವುದು

ನವೆಂಬರ್‌ನಿಂದ ಫೆಬ್ರವರಿಯವರೆಗಿನ ವಾರದ ದಿನಗಳು ಅತ್ಯುತ್ತಮ. ಹಿರಿಯ ಮಕ್ಕಳಿಗೆ ಶಾಲೆ ಇರುವಾಗ, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ನಿಮ್ಮ ಮಗುವಿಗೆ ಮಂಗಳವಾರವೂ ಒಂದೇ, ಭಾನುವಾರವೂ ಒಂದೇ. ಈ ಅನುಕೂಲ ಇನ್ನೆರಡು ವರ್ಷ ಮಾತ್ರ ಉಳಿದಿರುತ್ತದೆ. ದೀಪಾವಳಿ ರಜೆ, ಕ್ರಿಸ್ಮಸ್ ವಾರ ಮತ್ತು ಮೇ ತಿಂಗಳನ್ನು ಬಿಟ್ಟುಬಿಡಿ. ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ಕೊಂಕಣ ಪಟ್ಟಿಯಲ್ಲಿ ಏರುವ ಸೆಕೆಯೂ ಮೇ ತಿಂಗಳಿಗೆ ಹೆಚ್ಚು ಬಿಟ್ಟುಕೊಡುವುದಿಲ್ಲ.

ಮಳೆಗಾಲದಲ್ಲಿ ಖೋಪೋಲಿಯ ಸುತ್ತಲಿನ ಬೆಟ್ಟಗಳು ಹಸಿರುಟ್ಟು ನಿಲ್ಲುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಸೆ ಹುಟ್ಟುವುದು ಸಹಜ. ಆದರೆ ಇದು ಸಹ್ಯಾದ್ರಿಯ ಬುಡದ ಪ್ರದೇಶ. ಇರ್ಶಾಳವಾಡಿಯಲ್ಲಿ 2023ರ ಜುಲೈನಲ್ಲಿ ಗುಡ್ಡ ಕುಸಿದು ಹಳ್ಳಿಯನ್ನು ಮುಚ್ಚಿದ್ದು ಇದೇ ಖಾಲಾಪುರ ತಾಲ್ಲೂಕಿನಲ್ಲಿ. ರಾಯಗಡ ಜಿಲ್ಲೆಗೆ ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟ ದಿನ, ಟಿಕೆಟ್ ಹಣ ಮುಳುಗಿದರೂ ಮನೆಯಲ್ಲಿರುವುದೇ ಲೇಸು.

ಪ್ರಯಾಣ

ಖೋಪೋಲಿಯು ಬೋರ್ ಘಾಟ್‌ನ ಕೆಳಗಿದೆ. ಆದ್ದರಿಂದ ಮುಂಬಯಿಯಿಂದ ಹೋಗುವವರಿಗೆ ಘಾಟಿಯ ತಿರುವುಗಳಿಲ್ಲ. ಪುಣೆಯಿಂದ ಬರುವವರಿಗೆ ಇವೆ. ಎರಡು ವರ್ಷ ದಾಟಿದ ಮಕ್ಕಳಲ್ಲಿ ಪ್ರಯಾಣದ ವಾಂತಿ ಹೆಚ್ಚು ಕಾಣಿಸಿಕೊಳ್ಳುವುದರಿಂದ, ಪುಣೆಯವರು ಹೊರಡುವ ಮುನ್ನ ಹೊಟ್ಟೆ ತುಂಬ ಹಾಲು ಕುಡಿಸದೆ ಒಂದು ಇಡ್ಲಿಯನ್ನೋ ಒಂದೆರಡು ಬಿಸ್ಕತ್ತನ್ನೋ ಕೊಟ್ಟರೆ ಸಾಕು. ಎಕ್ಸ್‌ಪ್ರೆಸ್‌ವೇಯ ಅಂಚಿನಲ್ಲಿ ವಾಹನ ನಿಲ್ಲಿಸುವಂತಿಲ್ಲ ಎಂಬುದನ್ನು ಚಿಕ್ಕ ಮಕ್ಕಳ ತಂದೆತಾಯಿಗಳು ವಿಶೇಷವಾಗಿ ನೆನಪಿಡಬೇಕು: ಡೈಪರ್ ಬದಲಿಸುವುದು, ಮೂತ್ರಕ್ಕೆ ಕೂರಿಸುವುದು ಇವೆಲ್ಲ ಹೆದ್ದಾರಿ ಏರುವ ಮೊದಲು ಅಥವಾ ಫುಡ್ ಮಾಲ್‌ನಲ್ಲಿ.

ಕಾರಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಹೋಗುವುದು ನಮ್ಮಲ್ಲಿ ಪ್ರೀತಿಯ ಲಕ್ಷಣವೆನಿಸಿದರೂ ಕಾನೂನಿಗೆ ವಿರುದ್ಧ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮಿನ ಪ್ರಕಾರ, 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನ ಕಡ್ಡಾಯವಾಗಿದ್ದು, ತಪ್ಪಿದರೆ 1,000 ರೂಪಾಯಿ ದಂಡವಿದೆ. ದಂಡದ ಮಾತಿಗಿಂತ ದೊಡ್ಡದೆಂದರೆ, ವೇಗದಲ್ಲಿರುವ ವಾಹನ ಥಟ್ಟನೆ ನಿಂತಾಗ ತೋಳುಗಳು ಮಗುವನ್ನು ಹಿಡಿದಿಡಲಾರವು. ಆಸನಕ್ಕೆ ಒಗ್ಗದ ಮಗು ಮೊದಲ ದಿನವೇ ಎರಡು ಗಂಟೆ ಅದರಲ್ಲಿ ಕೂರುವುದಿಲ್ಲವಾದ್ದರಿಂದ, ಹಿಂದಿನ ಒಂದೆರಡು ವಾರ ತರಕಾರಿ ಮಾರುಕಟ್ಟೆಗೆ, ನೆಂಟರ ಮನೆಗೆ ಹೋಗುವಾಗ ಅಭ್ಯಾಸ ಮಾಡಿಸಿರಿ.

ಕಾರಿಲ್ಲದವರು ಮಧ್ಯ ರೈಲ್ವೆಯ ಲೋಕಲ್‌ನಲ್ಲಿ ಖೋಪೋಲಿಗೆ ಹೋಗಿ ಅಲ್ಲಿಂದ ರಿಕ್ಷಾ ಹಿಡಿಯಬಹುದು. ನೇರ ಗಾಡಿಗಳು ಕಡಿಮೆ. ಕರ್ಜತ್‌ನಲ್ಲಿ ಗಾಡಿ ಬದಲಿಸಬೇಕಾಗಬಹುದು. ಮರಳುವಾಗಿನ ಗಾಡಿಯ ಸಮಯವನ್ನು ಮೊದಲೇ ಬರೆದಿಟ್ಟುಕೊಳ್ಳಿರಿ.

ಚೀಲ

ಹೆಚ್ಚಿನ ಪಾರ್ಕುಗಳಲ್ಲಿ ಹೊರಗಿನ ತಿಂಡಿಗೆ ನಿಷೇಧವಿರುತ್ತದೆ. ಶಿಶು ಆಹಾರಕ್ಕೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಏನೇನು ತರಬಹುದೆಂದು ಹಿಂದಿನ ದಿನವೇ ಫೋನಿನಲ್ಲಿ ವಿಚಾರಿಸಿಕೊಂಡರೆ ಬಾಗಿಲಲ್ಲಿ ವಾದಿಸಬೇಕಾಗುವುದಿಲ್ಲ. ಬಾಳೆಹಣ್ಣು ಮತ್ತು ಬಿಸಿನೀರು ಬೆರೆಸಿದರೆ ಸಿದ್ಧವಾಗುವ ಹುರಿದ ರಾಗಿಹಿಟ್ಟು ಮುಂಬಯಿಯ ಸೆಕೆಗೆ ಕೆಡುವ ವಸ್ತುಗಳಲ್ಲ. ಮೊಸರನ್ನ ಮಾತ್ರ ಬೆಳಗ್ಗೆ ಕಲಸಿದ್ದು ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ. ಹಿಂದೆ ಊರಿಗೆ ರೈಲಿನಲ್ಲಿ ಹೋಗುವಾಗ ಅಜ್ಜಿಯಂದಿರು ಮಾಡುತ್ತಿದ್ದಂತೆ, ಮೆತ್ತಗೆ ಬೇಯಿಸಿ ಆರಿಸಿದ ಅನ್ನಕ್ಕೆ ಹಾಲು ಹಾಕಿ, ಒಂದೇ ಚಮಚ ಮೊಸರು ಬೆರೆಸಿ ಡಬ್ಬಿಗೆ ತುಂಬಿದರೆ ಊಟದ ಹೊತ್ತಿಗೆ ಹದವಾದ ಮೊಸರನ್ನ ಸಿಗುತ್ತದೆ.

ಒಳಗೆ ಹೆಜ್ಜೆಹೆಜ್ಜೆಗೂ ಮಾರುವ ಪಾಪ್‌ಕಾರ್ನ್ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸಲ್ಲದು. ಅದು ಶ್ವಾಸನಾಳಕ್ಕೆ ಜಾರಬಹುದು. ಇಡೀ ಶೇಂಗಾ, ಕತ್ತರಿಸದ ದ್ರಾಕ್ಷಿ ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಓಆರ್‌ಎಸ್ ಪುಡಿ ಒಯ್ಯುವವರು ಪೊಟ್ಟಣದ ಮೇಲಿನ ಅಳತೆಯನ್ನು ಓದಲೇಬೇಕು: ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಸಣ್ಣದು 200 ಮಿಲಿಲೀಟರ್‌ಗೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದು ಕುಡಿಸಿದರೆ ಉಪ್ಪಿನ ಅಂಶ ಮಿತಿಮೀರಿ ಅಪಾಯವಾಗುತ್ತದೆ. ಡಬ್ಬದಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಅದಕ್ಕೆ ಬದಲಿಯಲ್ಲ.

ಉಳಿದಂತೆ ಎರಡು ಜೊತೆ ಹತ್ತಿಯ ಬಟ್ಟೆ, ಟೋಪಿ, ಲೆಕ್ಕಕ್ಕಿಂತ ಎರಡು ಹೆಚ್ಚು ಡೈಪರ್, ಹಾಸಲು ಒಂದು ಹಳೆಯ ಸೀರೆ. ಹಳೆಯ ಸೀರೆ ಹಾಸಿಗೆಯಾಗುತ್ತದೆ, ಮರೆಯಾಗುತ್ತದೆ, ಒರಸುವ ಬಟ್ಟೆಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಮಕ್ಕಳ ಸಾಮಾನುಗಳಲ್ಲಿ ಇಷ್ಟು ಕೆಲಸಕ್ಕೆ ಬರುವುದನ್ನು ನಾನಿನ್ನೂ ಕಂಡಿಲ್ಲ.

ಪಾರ್ಕಿನ ಒಳಗೆ: ಮೊದಲ ಎರಡು ಗಂಟೆ

ಬಹಳಷ್ಟು ಪಾರ್ಕುಗಳು ಬಾಗಿಲು ತೆರೆಯುವುದೇ ಬೆಳಗಿನ ಹತ್ತರ ನಂತರ. ಮಗು ಮಲಗುವ ಹೊತ್ತು ಸುಮಾರು ಒಂದು ಗಂಟೆ ಎಂದಿಟ್ಟುಕೊಂಡರೆ, ನಿಮ್ಮ ಕೈಯಲ್ಲಿರುವುದು ಎರಡು ಗಂಟೆಗಿಂತ ತುಸು ಹೆಚ್ಚು ಮಾತ್ರ. ಈ ಅವಧಿಯನ್ನು ಪೂರ್ತಿಯಾಗಿ ಮಗುವಿಗೆ ಬಿಟ್ಟುಕೊಡಿ. ದೊಡ್ಡವರ ರೈಡ್‌ಗಳ ಕಡೆ ಎಲ್ಲರೂ ಧಾವಿಸುತ್ತಿರುವಾಗ ಮಕ್ಕಳ ರೈಡ್‌ಗಳಲ್ಲಿ ಸಾಲು ಚಿಕ್ಕದಿರುತ್ತದೆ.

ರೈಡ್‌ಗಳಲ್ಲಿ ವಯಸ್ಸಿಗಿಂತ ಎತ್ತರವೇ ಮುಖ್ಯ ಅಳತೆ. ಇಮ್ಯಾಜಿಕಾದಲ್ಲಿ ಮಕ್ಕಳ ಟಿಕೆಟ್ ಕೂಡ ಎತ್ತರದ ಮೇಲೆಯೇ ನಿರ್ಧಾರವಾಗುತ್ತದೆ. ಮನೆಯ ಗೋಡೆಗೆ ಒರಗಿಸಿ, ಚಪ್ಪಲಿ ಇಲ್ಲದೆ ಮಗುವಿನ ಎತ್ತರವನ್ನು ಅಳೆದು, ಪಾರ್ಕಿನ ಜಾಲತಾಣದಲ್ಲಿ ಕೊಟ್ಟಿರುವ ಮಿತಿಗಳೊಂದಿಗೆ ಹೋಲಿಸಿ ಹತ್ತಬಹುದಾದ ರೈಡ್‌ಗಳ ಪಟ್ಟಿ ಮಾಡಿಕೊಳ್ಳಿ. ಇಮ್ಯಾಜಿಕಾದಲ್ಲಾದರೆ ಪುಟ್ಟ ಆನೆಗಳು ಹಾರುವ ಟಬ್ಬಿ ಟೇಕ್ಸ್ ಆಫ್ ಮತ್ತು ಕುದುರೆಗಳು ಸುತ್ತುವ ಮ್ಯಾಜಿಕ್ ಕರೋಸೆಲ್‌ನಿಂದ ಆರಂಭಿಸಬಹುದು. ಮಗುವನ್ನು ನೇರವಾಗಿ ಸಾಲಿಗೆ ನಿಲ್ಲಿಸದೆ, ಮೊದಲು ಹೊರಗೆ ನಿಂತು ಒಂದು ಸುತ್ತು ಪೂರ್ತಿ ನೋಡಲು ಬಿಡಿ. ಎಲ್ಲಿ ಆರಂಭ, ಎಲ್ಲಿ ಮುಗಿತಾಯ, ಕೊನೆಗೆ ಎಲ್ಲರೂ ಕೆಳಗಿಳಿದು ಬರುತ್ತಾರೆ ಎಂಬುದನ್ನು ಕಣ್ಣಾರೆ ಕಂಡ ಮಗು ಅರ್ಧ ಹೆದರಿಕೆಯನ್ನು ಅಲ್ಲಿಯೇ ಕಳೆದುಕೊಳ್ಳುತ್ತದೆ.

ಭೂತದ ಕೋಟೆಯಂತಹ ಸಲೀಮ್‌ಗಢ್ ಈ ವಯಸ್ಸಿನವರಿಗಲ್ಲ. ಮಕ್ಕಳನ್ನು ನಗಿಸಲೆಂದೇ ಓಡಾಡುವ, ದೊಡ್ಡ ತಲೆಯ ಮುಖವಾಡ ತೊಟ್ಟ ಪಾತ್ರಧಾರಿಗಳೂ ಎರಡು ವರ್ಷದ ಮಗುವಿಗೆ ಭಯಂಕರವಾಗಿ ಕಾಣುವುದುಂಟು. ಫೋಟೊಗಾಗಿ ಮಗುವನ್ನು ಅವರ ಕೈಗೆ ಕೊಡುವ ಮೊದಲು ಅದರ ಮುಖವನ್ನೊಮ್ಮೆ ನೋಡಿರಿ. ಹಿಂದೆ ಸರಿದು ನಿಮ್ಮ ಕಾಲನ್ನು ಅಪ್ಪಿಕೊಂಡರೆ, ದೂರದಿಂದ ಕೈಬೀಸಿಸಿ ಮುಂದೆ ನಡೆಯಿರಿ.

ಮಧ್ಯಾಹ್ನದ ನಿದ್ದೆ

ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು–ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಮಧ್ಯಾಹ್ನದ ನಿದ್ದೆಯೂ ಈ ಲೆಕ್ಕದಲ್ಲಿ ಸೇರಿದೆ. ಪಾರ್ಕಿಗೆ ಹೊರಡುವ ದಿನ ಬೇಗ ಎಬ್ಬಿಸಿರುತ್ತೇವಾದ್ದರಿಂದ ಮಧ್ಯಾಹ್ನದ ನಿದ್ದೆಯನ್ನು ತಪ್ಪಿಸಲು ಆಗುವುದೇ ಇಲ್ಲ. ಆದ್ದರಿಂದ ಹನ್ನೆರಡಕ್ಕೆ ಊಟ ಮುಗಿಸಿ, ಸ್ಪೀಕರ್‌ಗಳಿಂದ ದೂರದ, ಗಾಳಿಯಾಡುವ ಅಥವಾ ಏಸಿ ಇರುವ ಮೂಲೆಯನ್ನು ಹಿಡಿಯಿರಿ. ಈ ಮೂಲೆಯನ್ನು ಬೆಳಗ್ಗೆ ಒಳಬರುವಾಗಲೇ ಗುರುತಿಸಿಟ್ಟಿರಬೇಕು. ಮಗು ಅಳಲು ಆರಂಭಿಸಿದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಸ್ಟ್ರಾಲರ್‌ನಲ್ಲಿ ಮಲಗಿಸುವವರು ಬಿಸಿಲು ತಾಗದಿರಲೆಂದು ಅದರ ಮೇಲೆ ಬಟ್ಟೆ ಹೊದಿಸುವುದನ್ನು ಎಲ್ಲೆಡೆ ಕಾಣುತ್ತೇವೆ. ಇದು ಒಳಗಿನ ಗಾಳಿಯ ಓಡಾಟವನ್ನು ತಡೆದು ಶಾಖವನ್ನು ಬೇಗನೆ ಏರಿಸುತ್ತದೆ. ಗಾಡಿಯನ್ನೇ ನೆರಳಿಗೆ ಸರಿಸಿ, ಮುಖವನ್ನು ತೆರೆದಿಡಿ. ಈ ಒಂದೂವರೆ ಗಂಟೆಯಲ್ಲಿ ದೊಡ್ಡವರು ಪಾಳಿಯ ಮೇಲೆ ತಮ್ಮ ಆಸೆ ತೀರಿಸಿಕೊಳ್ಳಬಹುದು: ಒಬ್ಬರು ನಿಟ್ರೊ ರೋಲರ್ ಕೋಸ್ಟರ್ ಹತ್ತಿ ಬರುವವರೆಗೆ ಇನ್ನೊಬ್ಬರು ಕಾವಲು. ಅಜ್ಜಿ ಜೊತೆಗಿದ್ದರೆ ಗಂಡ ಹೆಂಡತಿ ಇಬ್ಬರೂ ಹೋಗಿ ಬರಬಹುದೇನೋ ನಿಜ. ಆದರೆ ಅವರನ್ನು ಇಡೀ ದಿನ ಕಾವಲಿಗೆ ಕೂರಿಸದೆ, ಕುದುರೆಯ ಮೇಲೆ ಮೊಮ್ಮಗುವಿನ ಪಕ್ಕದ ಜಾಗವನ್ನು ಅವರಿಗೇ ಬಿಡುವುದು ನ್ಯಾಯ.

ನೀರಿನ ಆಟ

ವಾಟರ್ ಪಾರ್ಕ್ ಮತ್ತು ಥೀಮ್ ಪಾರ್ಕ್ ಎರಡನ್ನೂ ಒಂದೇ ದಿನ ಮುಗಿಸುವ ಯೋಜನೆ ಈ ವಯಸ್ಸಿಗೆ ಬೇಡ. ನೀರಿಗೆ ಇಳಿಯುವುದಾದರೆ ಮಗುವಿಗೆ ಈಜಿನ ಡೈಪರ್ ಹಾಕಬೇಕು. ಸಾಮಾನ್ಯ ಡೈಪರ್ ನೀರು ಹೀರಿ ಉಬ್ಬಿ, ನಡೆಯಲಾಗದಷ್ಟು ಭಾರವಾಗಿ ಜೋತುಬೀಳುತ್ತದೆ. ನೈಲಾನ್ ಉಡುಪು ಕಡ್ಡಾಯವಿರುವ ಕಡೆ ದೊಡ್ಡವರೂ ಮನೆಯಿಂದಲೇ ತಂದರೆ ಬಾಡಿಗೆ ಉಳಿಯುತ್ತದೆ.

ಮೊಣಕಾಲು ಮುಟ್ಟದ ನೀರಿನಲ್ಲಿಯೂ ಚಿಕ್ಕ ಮಗು ಮುಳುಗಬಹುದು, ಮತ್ತು ಮುಳುಗುವ ಮಗು ಕೂಗುವುದಿಲ್ಲ. ಕಾವಲುಗಾರರು ಇದ್ದಾರೆಂದು ದಡದಲ್ಲಿ ಕುರ್ಚಿ ಹಾಕಿಕೊಂಡು ಕೂರಬೇಡಿರಿ. ಒಬ್ಬ ಹಿರಿಯರು, ಕೈಯಲ್ಲಿ ಫೋನಿಲ್ಲದೆ, ತೋಳಳತೆಯ ದೂರದಲ್ಲಿ ನೀರಿನೊಳಗೇ ನಿಂತಿರಬೇಕು. ತೋಳಿಗೆ ಕಟ್ಟುವ ಗಾಳಿಯ ಚೀಲಗಳು ಆಟಿಕೆಗಳೇ ಹೊರತು ರಕ್ಷಣೆಯಲ್ಲ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ. ಇಪ್ಪತ್ತು–ಇಪ್ಪತ್ತೈದು ನಿಮಿಷಕ್ಕೊಮ್ಮೆ ಹೊರಗೆ ಕರೆದು ಒರಸಿ, ಏನಾದರೂ ಕುಡಿಸಿರಿ; ತುಟಿ ನೀಲಿಯಾಗಿದ್ದರೆ ಆ ದಿನದ ಜಲಕ್ರೀಡೆ ಮುಗಿಯಿತು.

ಕೈತಪ್ಪಿದರೆ

ಬೆಳಗ್ಗೆ ಪಾರ್ಕಿನ ಬಾಗಿಲಲ್ಲಿಯೇ ಮಗುವಿನ ಒಂದು ಪೂರ್ಣ ಫೋಟೊ ತೆಗೆಯಿರಿ. ಗಾಬರಿಯಲ್ಲಿ, ಇಂದು ತೊಡಿಸಿದ್ದು ಹಳದಿ ಅಂಗಿಯೋ ಕೇಸರಿಯೋ ಎಂಬುದು ಹೆತ್ತ ತಾಯಿಗೂ ನೆನಪಾಗದು. ಮುಂಗೈ ಮೇಲೆ ಪೆನ್ನಿನಿಂದ ಎರಡು ಮೊಬೈಲ್ ಸಂಖ್ಯೆಗಳನ್ನು ಬರೆಯಿರಿ. ಹೆಸರನ್ನು ಎದ್ದು ಕಾಣುವಂತೆ ಬರೆಯಬೇಡಿರಿ, ಹೆಸರಿಟ್ಟು ಕರೆದ ಅಪರಿಚಿತರನ್ನು ಮಗು ನಂಬಿಬಿಡುತ್ತದೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತ್ರ ಆಡುವ ಮಗುವಾದರೆ, ಸಿಬ್ಬಂದಿಗೆ ಅದರ ಮಾತು ಅರ್ಥವಾಗದಿರುವುದರಿಂದ ಈ ಸಂಖ್ಯೆಯೇ ಅದರ ನಾಲಿಗೆ. ಮಗು ಕಾಣದಾದ ಕೂಡಲೇ ಒಬ್ಬರು ಅದೇ ಜಾಗದಲ್ಲಿ ನಿಂತು, ಇನ್ನೊಬ್ಬರು ಹತ್ತಿರದ ಸಿಬ್ಬಂದಿಗೆ ತಿಳಿಸಬೇಕು. ಮೊದಲು ಹುಡುಕಬೇಕಾದದ್ದು ನೀರಿರುವ ಕಡೆಗಳಲ್ಲಿ. ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯವಾಣಿಗೆ 1098.

ಹೊರಡುವ ಹೊತ್ತು

ನಿದ್ದೆಯಿಂದೆದ್ದ ಮೇಲೆ, ಬೆಳಗ್ಗೆ ಇಷ್ಟಪಟ್ಟ ರೈಡನ್ನೇ ಮಗು ಮತ್ತೆ ಕೇಳುತ್ತದೆ. ಹೊಸದೊಂದನ್ನು ತೋರಿಸುವ ಹಟ ದೊಡ್ಡವರದು. ಅದನ್ನೇ ಮೂರು ಸಲ ಹತ್ತಿಸಿರಿ. ಸಂಜೆಯ ಮೆರವಣಿಗೆ, ದೀಪಗಳನ್ನು ನೋಡಿಯೇ ಹೊರಡಬೇಕೆಂದಿದ್ದರೆ ಹತ್ತಿರದ ಹೋಟೆಲಿನಲ್ಲಿ ಒಂದು ರಾತ್ರಿ ತಂಗುವುದು ಒಳ್ಳೆಯದು. ಅಂದೇ ಮರಳುವವರು ಐದೂವರೆಯೊಳಗೆ ಹೊರಟರೆ, ಪಾರ್ಕು ಮುಚ್ಚುವಾಗಿನ ವಾಹನಗಳ ಸಾಲಿನಿಂದ ಪಾರಾಗುತ್ತಾರೆ. ಕಾರು ಹತ್ತುವ ಮೊದಲೇ ಮಗುವಿಗೆ ಕೈಕಾಲು ತೊಳೆಸಿ, ರಾತ್ರಿಯ ಬಟ್ಟೆ ತೊಡಿಸಿ, ಹೊಟ್ಟೆಗೆ ಏನಾದರೂ ಕೊಟ್ಟುಬಿಡಿ. ಪನವೇಲ್ ಬರುವಷ್ಟರಲ್ಲಿ ಅದು ಮಲಗಿರುತ್ತದೆ, ಮತ್ತು ಮನೆಯಲ್ಲಿ ಅದನ್ನು ಎಬ್ಬಿಸುವ ಕೆಲಸ ಇರುವುದಿಲ್ಲ.