ಗಂಜಿ ತಿಳಿ ಊಟವಲ್ಲ

ಹೋದ ಭಾನುವಾರ ಮೈದುನನನ್ನು ನೋಡಿಕೊಂಡು ಬರೋಣ ಅಂತ ವಿರಾಜಪೇಟೆಗೆ ಹೋಗಿದ್ದೆ. ಅವನಿಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ. ಮೈಸೂರಿನಲ್ಲಿ ರೇಡಿಯೇಷನ್ ನಡೆಯುತ್ತಿದೆ, ಶನಿವಾರ ಭಾನುವಾರ ಮಾತ್ರ ಮನೆಗೆ ಬರುತ್ತಾನೆ. ಹಾಸಿಗೆ ಪಕ್ಕದ ಸ್ಟೂಲಿನ ಮೇಲೆ ಐದು ಲೋಟ ಇದ್ದವು. ಎಳನೀರು, ಕಿತ್ತಳೆ ರಸ, ಮೂಳೆ ಸಾರು, ಗಂಜಿ ತಿಳಿ, ಕೆನೆ ಕಟ್ಟಿ ಸುಕ್ಕಾಗಿ ಹೋದ ಹಾಲು. ಒಂದೊಂದರಲ್ಲೂ ಎರಡೇ ಗುಟುಕು ಕಡಿಮೆಯಾಗಿತ್ತು. ಅವನ ಸೊಸೆ ಕಣ್ಣು ಒರೆಸಿಕೊಳ್ಳುತ್ತಾ, "ದೊಡ್ಡತ್ತೆ, ಬೆಳಗಿನಿಂದ ಏನಾದರೊಂದು ಕೊಡ್ತಾನೇ ಇದ್ದೀನಿ, ಆದರೂ ತೂಕ ಇಳೀತಿದೆ" ಅಂದಳು. ಇಳಿಯದೆ ಇನ್ನೇನು ಮಾಡುತ್ತದೆ? ಹಾಲೊಂದು ಬಿಟ್ಟರೆ ಕೊಟ್ಟಿದ್ದೆಲ್ಲ ಬರೀ ನೀರು. ಪಾಪ, ಅವಳ ತಪ್ಪಲ್ಲ. ಆದರೆ ಇದೇ ತಪ್ಪನ್ನು ನಮ್ಮ ಸುತ್ತಮುತ್ತ ನಾಲ್ಕೈದು ಮನೆಯಲ್ಲಿ ನೋಡಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯವರಿಗೂ ಗಂಟಲಿಗೆ ಇದೇ ಬಂದಿತ್ತು. ವಾರಕ್ಕೆ 5 ದಿನದಂತೆ ಏಳು ವಾರ, ಒಟ್ಟು 35 ಸಲ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಮೊದಲ ಎರಡು ವಾರ ಚೆನ್ನಾಗಿಯೇ ಊಟ ಮಾಡುತ್ತಿದ್ದರು. "ಇಷ್ಟೇನಾ, ಇದಕ್ಕೆ ಹೆದರಿದ್ದು" ಅಂತ ನಾನೂ ಅಂದುಕೊಂಡೆ. ಮೂರನೇ ವಾರ ಬಾಯೆಲ್ಲ ಹುಣ್ಣು, ಜೊಲ್ಲು ಅಂಟು ಅಂಟು, ಅನ್ನ ಬಾಯಿಗಿಟ್ಟರೆ ಮಣ್ಣು ತಿಂದ ಹಾಗೆ ಅನ್ನುತ್ತಿದ್ದರು. ಆ ಮೊದಲ ಎರಡು ವಾರ ತುಪ್ಪ, ಮೊಟ್ಟೆ, ಮೀನು ಅಂತ ಗಟ್ಟಿಯಾಗಿ ಊಟ ಹಾಕಬೇಕಿತ್ತು. ನನಗೆ ಆಗ ಹೇಳುವವರಿರಲಿಲ್ಲ. ನೀವಾದರೂ ಆ ದಿನಗಳನ್ನು ಕಳೆದುಕೊಳ್ಳಬೇಡಿ.

ತೂಕ ಅಂದರೆ ಬರೀ ನೋಟದ ವಿಷಯ ಅಲ್ಲ. ಕರೆಂಟು ಕೊಡುವಾಗ ತಲೆ ಅಲ್ಲಾಡದ ಹಾಗೆ ಮುಖದ ಅಳತೆಗೆ ಪ್ಲಾಸ್ಟಿಕ್ ಮಾಸ್ಕ್ ಮಾಡಿರುತ್ತಾರೆ. ಕೆನ್ನೆ, ಕತ್ತು ಇಳಿದರೆ ಅದು ಸಡಿಲ ಆಗುತ್ತದೆ. ಆಗ ಮತ್ತೆ ಸ್ಕ್ಯಾನ್, ಮತ್ತೆ ಅಳತೆ. ನಡುವೆ ಟ್ರೀಟ್‌ಮೆಂಟು ನಿಂತುಹೋದರೆ ಅದು ಒಳ್ಳೆಯದಲ್ಲ. ಪ್ರತಿ ಸೋಮವಾರ ಒಂದೇ ತಕ್ಕಡಿಯಲ್ಲಿ ನೋಡಿ, ಕ್ಯಾಲೆಂಡರ್ ಮೇಲೆ ಬರೆದಿಡಿ. ಆಸ್ಪತ್ರೆಯ ಡಯಟಿಷಿಯನ್ ಆಗ ನನಗೆ ಕೂರಿಸಿಕೊಂಡು ಲೆಕ್ಕ ಹೇಳಿದ್ದರು. 60 ಕೆಜಿ ಇರುವವರಿಗೆ ದಿನಕ್ಕೆ ಸುಮಾರು 1,800 ಕ್ಯಾಲೊರಿ, 70ರಿಂದ 90 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ. ಎಳನೀರಿನಲ್ಲಿ ಎಷ್ಟಿರಬಹುದು, ನೀವೇ ಯೋಚಿಸಿ. ಹುಣ್ಣು ಬಾಯಿಯವರು ದಿನಕ್ಕೆ ಇಷ್ಟೇ ಗುಟುಕು ನುಂಗಬಲ್ಲರು. ಆ ಗುಟುಕನ್ನು ನೀರಿಗೆ ಖರ್ಚು ಮಾಡಿದರೆ ಹೇಗೆ? ಮೂಳೆ ಸಾರು ಕೊಡಿ, ಬೇಡ ಅನ್ನಲ್ಲ. ಆದರೆ ಬೆಂದ ಕೋಳಿಯನ್ನು ನುಣ್ಣಗೆ ರುಬ್ಬಿ ಅದರೊಳಗೇ ಸೇರಿಸಿ. ಮಾಂಸ ನಾವು ತಿಂದು, ಸಾರು ರೋಗಿಗೆ ಕೊಡುವುದು ಯಾವ ನ್ಯಾಯ?

ಈಗ ನನ್ನ ಗಂಜಿ. ಇದೊಂದನ್ನು ನಾನು ಹೇಳಿದ ಹಾಗೇ ಮಾಡಿ, ನಿಮ್ಮ ಬುದ್ಧಿ ಸೇರಿಸಬೇಡಿ.

ಗಂಜಿಯ ಕಷ್ಟ ಏನು ಅಂದರೆ, ಗಟ್ಟಿ ಮಾಡಿದರೆ ಗಂಟಲಲ್ಲಿ ಇಳಿಯುವುದಿಲ್ಲ, ತೆಳ್ಳಗೆ ಮಾಡಿದರೆ ಅದರಲ್ಲಿ ಸತ್ವ ಇರುವುದಿಲ್ಲ. ಇದಕ್ಕೆ ಮದ್ದು ಮೊಳಕೆ ರಾಗಿ. ನಮ್ಮ ಕಡೆ ಗದ್ದೆಯಲ್ಲಿ ಬರೀ ಭತ್ತ, ರಾಗಿಗೆ ಕುಶಾಲನಗರದ ಸಂತೆಯೇ ಗತಿ. ಮೂರು ಹಿಡಿ ರಾಗಿ ಸಾಕು. ಕಲ್ಲು ಹೋಗುವ ಹಾಗೆ ತೊಳೆದು ರಾತ್ರಿ ನೆನೆಸಿ. ಬೆಳಗ್ಗೆ ನೀರು ಬಸಿದು, ಒದ್ದೆ ಪಂಚೆ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ಬಿಗಿಯಾಗಿ ಕಟ್ಟಿದರೆ ಉಸಿರು ಕಟ್ಟಿ ಹುಳಿ ವಾಸನೆ ಬರುತ್ತದೆ. ಬೆಳಗ್ಗೆ ಸಂಜೆ ನೀರು ಚಿಮುಕಿಸಿ. ಎರಡನೇ ದಿನ ಬಿಚ್ಚಿದರೆ ಕಾಳು ಕಾಳಿಗೂ ಬಿಳಿ ಮೊಳಕೆ ಬಂದಿರುತ್ತದೆ, ಉಗುರಿನ ತುದಿಯ ಬಿಳುಪಿನಷ್ಟು ಬಂದರೆ ಸಾಕು. ಅದನ್ನು ಕಣದಲ್ಲಿ ಬಿಳಿ ಬಟ್ಟೆ ಹಾಸಿ, ಕಾಳು ಹಲ್ಲಿಗೆ ಕಟ್ ಅನ್ನುವ ತನಕ ಒಣಗಿಸಿ. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಹೊಗೆ ವಾಸನೆ ಹಿಡಿದರೆ ರೋಗಿ ಮೂಗು ಮುಚ್ಚಿಕೊಳ್ಳುತ್ತಾರೆ. ಬೂಷ್ಟು ಕಂಡರೆ ಅಷ್ಟನ್ನೂ ಎಸೆಯಿರಿ.

   

ಒಣಗಿದ ರಾಗಿಯನ್ನು ಅಂಗೈಯಲ್ಲಿ ಉಜ್ಜಿದರೆ ಮೊಳಕೆ ಉದುರುತ್ತದೆ, ಮೊರದಲ್ಲಿ ಕೇರಿ. ಆಮೇಲೆ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಹುರಿಯಬೇಡಿ. ಕಾಳಿನ ಮೇಲೆ ಕೈ ಇಟ್ಟರೆ ತಡೆದುಕೊಳ್ಳುವ ಹಾಗಿರಬೇಕು. ಘಂ ಅನ್ನಲಿ ಅಂತ ಹುರಿದರೆ ಮೊಳಕೆಯ ಗುಣವೇ ಸತ್ತುಹೋಗುತ್ತದೆ, ಅದು ಬರೀ ರಾಗಿ ಹಿಟ್ಟು ಅಷ್ಟೆ. ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಡಬ್ಬಿಗೆ ಹಾಕಿ.

ಇನ್ನು ಅಕ್ಕಿ ಹಿಟ್ಟು, ಹುರಿದ ಹೆಸರುಬೇಳೆ ಹಿಟ್ಟು ಸೇರಿಸಿ ಗಂಜಿ ಕಾಯಿಸಿ, ಸೌಟು ನೆಟ್ಟಗೆ ನಿಲ್ಲುವಷ್ಟು ಗಟ್ಟಿ. ಒಲೆಯಿಂದ ಇಳಿಸಿ. ಆವಿಯ ಜೋರು ಇಳಿಯಲಿ, ಬೆರಳು ತಾಗಿಸಿದರೆ ಥಟ್ಟನೆ ತೆಗೆಯುವಷ್ಟು ಬಿಸಿ ಇರಲಿ. ಆಗ ಮೊಳಕೆ ಹಿಟ್ಟು ಒಂದು ಚಮಚ ಹಾಕಿ ಕಲಕಿ, ಮುಚ್ಚಿಡಿ. ಕುದಿಯುವಾಗ ಹಾಕಿದರೆ ಏನೂ ಆಗುವುದಿಲ್ಲ. ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದು ನೋಡಿ. ಮುದ್ದೆಯಂತಿದ್ದದ್ದು ಪಾಯಸದಂತೆ ಸೌಟಿನಿಂದ ಸುರಿಯುತ್ತದೆ. ಒಂದು ತೊಟ್ಟು ನೀರು ಸೇರಿಸಿಲ್ಲ, ಹಿಟ್ಟೆಲ್ಲ ಹಾಗೇ ಇದೆ. ಮೊಳಕೆಯಲ್ಲಿರುವ ಕಿಣ್ವ ಗಂಜಿಯ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತದೆ, ಅದಕ್ಕೇ ನಾಲಿಗೆಗೂ ಸ್ವಲ್ಪ ಸಿಹಿ. ಮೊದಲ ಸಲ ನೋಡಿದಾಗ ನಾನು ಪಾತ್ರೆ ಹಿಡಿದುಕೊಂಡು ಅಕ್ಕಪಕ್ಕದ ಮನೆಗೆಲ್ಲ ತೋರಿಸಿ ಬಂದಿದ್ದೆ. ಕೊನೆಗೆ ಮತ್ತೆ ಒಲೆಗಿಟ್ಟು ಒಂದು ಕುದಿ ಬರಿಸಿ, ಹಸಿ ಹಿಟ್ಟು ಹೊಟ್ಟೆಗೆ ಹೋಗಬಾರದು. ಆಮೇಲೆ ಕಾಯಿಸಿದ ಹಾಲು, ಕೈತುಂಬ ತುಪ್ಪ, ಸೋಸಿದ ಬೆಲ್ಲ. ಉಗುರು ಬೆಚ್ಚಗೆ ಕೊಡಿ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳಿಕೊಂಡು ಮಾಡಿ.

ಒಂದು ವಿಷಯ ಮಾತ್ರ ಗಮನ ಇಡಿ. ತೆಳ್ಳಗಿನದು ಕುಡಿಯುವಾಗ ಕೆಮ್ಮು ಬಂದರೆ, ಕುಡಿದ ಮೇಲೆ ದನಿ ಗೊರಗೊರ ಅಂದರೆ, ಅದು ಶ್ವಾಸಕೋಶದ ಕಡೆ ಇಳಿಯುತ್ತಿದೆ ಅಂತ ಅರ್ಥ. ಆಗ ಬಲವಂತ ಮಾಡಬೇಡಿ, ನ್ಯುಮೋನಿಯಾ ಆಗುತ್ತದೆ. ಆಸ್ಪತ್ರೆಗೆ ಹೇಳಿ. ನುಂಗುವುದನ್ನು ಪರೀಕ್ಷೆ ಮಾಡಿ, ಎಷ್ಟು ಗಟ್ಟಿ ಕೊಡಬೇಕು ಅಂತ ಅವರೇ ಹೇಳುತ್ತಾರೆ.

ಊಟಕ್ಕೆ ಅರ್ಧ ಗಂಟೆ ಮೊದಲು ಡಾಕ್ಟರು ಕೊಟ್ಟ ನೋವಿನ ಔಷಧಿ ಕೊಡಿ. ಉಂಡ ಮೇಲೆ ಕೊಟ್ಟು ಏನು ಪ್ರಯೋಜನ? ಒಂದು ಲೀಟರ್ ಕಾದಾರಿದ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿಟ್ಟುಕೊಂಡು ದಿನಕ್ಕೆ ಐದಾರು ಸಲ ಬಾಯಿ ಮುಕ್ಕಳಿಸಲಿ. ಸ್ಟೀಲ್ ಚಮಚ ಕಬ್ಬಿಣ ನೆಕ್ಕಿದ ಹಾಗೆ ಅಂದರೆ ಪ್ಲಾಸ್ಟಿಕ್ ಚಮಚ ಕೊಡಿ. ಕಿತ್ತಳೆ, ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ, ಗಾಂಧಾರಿ ಮೆಣಸು ಬಾಯಿ ವಾಸಿ ಆಗುವ ತನಕ ಬೇಡವೇ ಬೇಡ. ನೇಂದ್ರ ಬಾಳೆ ಬೇಯಿಸಿ ಮಸೆದು ಕೊಡಿ. ತೋಟದಲ್ಲಿ ಬೆಣ್ಣೆ ಹಣ್ಣು ಬಿದ್ದು ಕೊಳೆಯುತ್ತದೆ, ಅದಕ್ಕಿಂತ ಒಳ್ಳೆಯದು ಯಾವುದಿದೆ? ಹಾಲಿನಲ್ಲಿ ಕಡೆದು ಕೊಡಿ, ಖಾರ ಇಲ್ಲ, ಹುಳಿ ಇಲ್ಲ, ಜಿಡ್ಡು ಬೇಕಾದಷ್ಟು.

ನೋಡಲು ಬರುವವರು ಇನ್ನೊಂದು ತಲೆನೋವು. ಸಕ್ಕರೆ ಕೊಟ್ಟರೆ ಗಡ್ಡೆ ಬೆಳೆಯುತ್ತದೆ, ಹಾಲು ಬಿಡಿಸಿ, ಮೊಟ್ಟೆ ಬಿಡಿಸಿ ಅಂತ ಹೇಳಿ ಕಾಫಿ ಕುಡಿದು ಹೋಗುತ್ತಾರೆ. ಗಡ್ಡೆ ಹಸಿಯುವುದಿಲ್ಲ, ಮನುಷ್ಯ ಹಸಿಯುತ್ತಾನೆ. ಒಬ್ಬರು ಮನೆ ವೈನ್ ತಂದಿದ್ದರು, ಗಂಟಲಿಗೆ ಒಳ್ಳೆಯದು ಅಂತ. ಬಾಟಲಿಯನ್ನು ಅವರ ಕೈಗೇ ವಾಪಸ್ ಕೊಟ್ಟೆ. ಎಲೆ ಅಡಿಕೆ ತಟ್ಟೆಯನ್ನೂ ಕಣ್ಣಿಗೆ ಕಾಣದ ಹಾಗೆ ಎತ್ತಿಟ್ಟೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೇ.

ಮೂಗಿನಿಂದ ಹೊಟ್ಟೆಗೆ ಊಟ ಇಳಿಸುವ ಟ್ಯೂಬು ಅಂದರೆ ಯಾಕಿಷ್ಟು ಹೆದರುತ್ತಾರೋ. ನಮ್ಮ ಮನೆಯವರಿಗೆ ಐದು ವಾರ ಇತ್ತು. ಹಾಕಿಸಿಕೊಳ್ಳೋಣ ಅಂತ ನಿರ್ಧರಿಸುವಷ್ಟರಲ್ಲಿ ಎಂಟು ಕೆಜಿ ಕಳೆದಿದ್ದೆವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಇದೇ ಮೊಳಕೆ ಗಂಜಿಯನ್ನು ಎರಡು ಸಲ ಬಟ್ಟೆಯಲ್ಲಿ ಸೋಸಿದರೆ ಟ್ಯೂಬಿನಲ್ಲೂ ಕಟ್ಟದೆ ಇಳಿಯುತ್ತದೆ. ನರ್ಸ್ ತೋರಿಸಿದ ಹಾಗೆ ಮೊದಲೂ ಕೊನೆಗೂ ಸಿರಿಂಜಿನಲ್ಲಿ ನೀರು ಬಿಡಿ. ತಲೆ ಎತ್ತರಕ್ಕಿರಲಿ, ಮುಗಿದ ಮೇಲೂ ಒಂದು ಗಂಟೆ ಮಲಗಿಸಬೇಡಿ. ಡಾಕ್ಟರು ಒಪ್ಪಿದರೆ ಬಾಯಿಂದಲೂ ದಿನಾ ಒಂದೆರಡು ಗುಟುಕು ನುಂಗಲಿ. ನುಂಗುವ ಅಭ್ಯಾಸ ಬಿಟ್ಟರೆ ಗಂಟಲು ಮರೆತುಬಿಡುತ್ತದೆ.

ಕೊನೆಯ ಕರೆಂಟು ಮುಗಿದ ದಿನ ಸಿಹಿ ಹಂಚಿ ಸುಮ್ನೆ ಕೂರಬೇಡಿ. ಆಮೇಲಿನ ಎರಡು ಮೂರು ವಾರ ಹುಣ್ಣು ಇನ್ನೂ ಜೋರಾಗಿಯೇ ಇರುತ್ತದೆ. ರುಚಿ ಬರುವುದಕ್ಕಂತೂ ತಿಂಗಳುಗಳೇ ಬೇಕು. ಇವರು ಮತ್ತೆ ಕೇಳಿ ತಿಂದ ಮೊದಲ ತಿಂಡಿ ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ಸಿಹಿ ಕಾಯಿಹಾಲಿನಲ್ಲಿ ಮುಳುಗಿಸಿ ಮೆತ್ತಗೆ ಮಾಡಿದ್ದು. ಒಂದೇ ಒಂದು ತಿನ್ನಲು ಮುಕ್ಕಾಲು ಗಂಟೆ ತೆಗೆದುಕೊಂಡರು. ನಾನು ಎದುರಿಗೇ ಕೂತಿದ್ದೆ.

ಮೈದುನನ ಸೊಸೆಗೆ ಒಂದು ಡಬ್ಬಿ ಹಿಟ್ಟು ಕೊಟ್ಟು ಬಂದಿದ್ದೇನೆ. ಮಗಳೇ, ಅದು ತಳ ಕಾಣುವ ಮೊದಲೇ ಫೋನ್ ಮಾಡು. ಮಳೆ ಹಿಡಿದುಕೊಂಡರೆ ರಾಗಿ ಒಣಗಿಸಲು ನನಗೆ ಬಿಸಿಲು ಸಿಗುವುದಿಲ್ಲ.