ಹೋಂಸ್ಟೇ ನಡೆಸುವವರೇ, ಹೂಮಳೆ ಬಿದ್ದ ದಿನವೇ ಬರೆಯಿರಿ

ಕೊಡಗು, ಚಿಕ್ಕಮಗಳೂರು ಕಡೆ ಹೋಂಸ್ಟೇ ನಡೆಸುತ್ತಿರುವವರು ಆನ್‌ಲೈನ್‌ನಲ್ಲಿ ತಾವು ಕೊನೆಯದಾಗಿ ಹಾಕಿದ್ದು ಏನು ಎಂದು ಒಮ್ಮೆ ನೋಡಿಕೊಳ್ಳಿ. ಯಾವುದೋ ಹಳೆಯ ದಸರಾ ರಿಯಾಯಿತಿ ಇನ್ನೂ ಅಲ್ಲೇ ಕುಳಿತಿದ್ದರೆ, ‘ಇವರು ಬಾಗಿಲು ಹಾಕಿರಬೇಕು’ ಎಂದುಕೊಂಡು ಜನ ಪಕ್ಕದವರಿಗೆ ಫೋನ್ ಮಾಡುತ್ತಾರೆ.

ಏನು ಬರೆಯುವುದು ಎಂಬ ತಲೆನೋವು ಬೇಡ. ಫೆಬ್ರುವರಿ, ಮಾರ್ಚ್‌ನಲ್ಲಿ ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಿಸುವ ಮಳೆ, ಬಿದ್ದ ದಿನವೇ ಎರಡು ಸಾಲು ಹಾಕಿ. ಮಳೆಯಾದ ಸುಮಾರು 8–10 ದಿನಕ್ಕೆ ಕಾಫಿ ಹೂ ಅರಳುತ್ತದೆ, ಮೂರು ನಾಲ್ಕು ದಿನದಲ್ಲಿ ಬಾಡಿಯೂ ಬಿಡುತ್ತದೆ. ಅರಳಿದ ಮೇಲೆ ಫೋಟೊ ಹಾಕಿದರೆ, ಬೆಂಗಳೂರಿನವರು ರಜೆ ಹೊಂದಿಸಿಕೊಂಡು ಹೊರಡುವಷ್ಟರಲ್ಲಿ ಹೂವೇ ಇರುವುದಿಲ್ಲ. ಮೊದಲೇ ತಿಳಿಸಿದರೆ ಬುಕಿಂಗ್‌ಗೆ ಸಮಯ ಸಿಗುತ್ತದೆ.

ಮಳೆಗಾಲದಲ್ಲಿ ಘಾಟಿ ರಸ್ತೆ ಹೇಗಿದೆ, ಕರೆಂಟ್ ಇದೆಯೇ ಎಂಬುದನ್ನು ತಿಳಿಸುತ್ತಿರಿ. ಜಿಗಣೆಯ ವಿಷಯವನ್ನೂ (ಹೌದು, ಅದನ್ನೂ!) ಬರೆಯಿರಿ. ನೀವು ಮುಚ್ಚಿಟ್ಟರೆ ಬಂದುಹೋದವರು ರಿವ್ಯೂನಲ್ಲಿ ಬರೆಯುತ್ತಾರೆ, ಅದೂ ಕಾಲಿನ ಫೋಟೊ ಸಮೇತ.

ಗೂಗಲ್ ಮ್ಯಾಪ್ಸ್‌ನಲ್ಲಿರುವ ಫೋನ್ ನಂಬರನ್ನೂ ಆಗಾಗ ಪರೀಕ್ಷಿಸಿ. ಅಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು. ದರ ಹಾಕುವುದಾದರೆ ಪಕ್ಕದಲ್ಲೇ ತಿಂಗಳು, ವರ್ಷ ನಮೂದಿಸಿ. ಹಳೆಯ ದರ ತೋರಿಸಿ ಚೌಕಾಸಿ ಮಾಡುವವರು ಕಡಿಮೆಯಾಗುತ್ತಾರೆ.