ಮಾಸ್ ಗೇನರ್ ಕುಡಿದು ನಾನು ತೂಕ ಹೆಚ್ಚಿಸಿಕೊಂಡ ಬಗೆ

ತೂಕ ಏರಿಸಲು ಕಲಸಿ ಕುಡಿಯುವ ಮಾಸ್ ಗೇನರ್ ಪುಡಿ ಅಂದರೆ ಪ್ರೋಟೀನ್ ಪೌಡರ್ ಅಂತಲೇ ಜಿಮ್‌ನಲ್ಲಿ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಡಬ್ಬಿ ಹಿಂದಿನ ಪಟ್ಟಿ ಬೇರೆಯೇ ಕಥೆ ಹೇಳುತ್ತದೆ. ನಾನು ಕೊಂಡದ್ದರಲ್ಲಿ 100 ಗ್ರಾಂ ಪುಡಿಗೆ ಪ್ರೋಟೀನ್ ಬರೀ 15 ಗ್ರಾಂ, ಕಾರ್ಬ್ (ಕಾರ್ಬೋಹೈಡ್ರೇಟ್) 75 ಗ್ರಾಂ ಮೇಲೆ. ಅದರಲ್ಲಿ ಜಾಸ್ತಿ ಪಾಲು ಮಾಲ್ಟೊಡೆಕ್ಸ್‌ಟ್ರಿನ್. ಪಿಷ್ಟ ಒಡೆದು ಮಾಡಿದ ಪುಡಿ ಅದು, ನಾಲಿಗೆಗೆ ಅಷ್ಟೇನೂ ಸಿಹಿ ಅನಿಸುವುದಿಲ್ಲ, ಆದರೆ ರಕ್ತದ ಸಕ್ಕರೆಯನ್ನು ಬಲುಬೇಗ ಏರಿಸುತ್ತದೆ. ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಆದರೆ 30 ಗ್ರಾಂ ಆಸುಪಾಸಿನ ಒಂದೇ ಸ್ಕೂಪ್‌ನಲ್ಲಿ 24 ಗ್ರಾಂ ಸಿಗುತ್ತದೆ.

ಇದೆಲ್ಲ ಗೊತ್ತಿದ್ದೇ ನಾನು ಗೇನರ್ ತಗೊಂಡೆ. ನನಗೆ ಕಮ್ಮಿ ಬೀಳುತ್ತಿದ್ದದ್ದು ಪ್ರೋಟೀನ್ ಅಲ್ಲ, ಒಟ್ಟು ಊಟ.

ಆಗ ನನ್ನ ತೂಕ 54 ಕೆಜಿ. ಭಾರ ಎತ್ತುವವರಿಗೆ ದಿನಕ್ಕೆ ಕೆಜಿಗೆ 1.6 ಗ್ರಾಂ ಪ್ರೋಟೀನ್ ಅಂತ ಲೆಕ್ಕ ಹಿಡಿದರೆ 86 ಗ್ರಾಂ ಬೇಕು. ನಾಲ್ಕು ಮೊಟ್ಟೆಗೆ 24, ಅರ್ಧ ಲೀಟರ್ ಹಾಲಿಗೆ 16, ಒಣ ಸೋಯಾ ಚಂಕ್ಸ್ 30 ಗ್ರಾಂ ಬೇಯಿಸಿ ಹಿಂಡಿ ಪಲ್ಯಕ್ಕೆ ಹಾಕಿದರೆ ಇನ್ನೊಂದು 15. ಉಳಿದದ್ದು ರೊಟ್ಟಿ, ಬೇಳೆ ಸಾರು, ಹೆಸರುಕಾಳಿನಿಂದ ಬಂದುಬಿಡುತ್ತಿತ್ತು. ಆದರೂ ತೂಕದ ಮುಳ್ಳು ಅಲ್ಲಾಡುತ್ತಿರಲಿಲ್ಲ. ಹೊಟ್ಟೆ ಬೇಗ ತುಂಬುವ ಜಾತಿ ನಾನು, ಇನ್ನೊಂದು ರೊಟ್ಟಿ ಹಾಕಲಾ ಅಂದರೆ ತಟ್ಟೆಗೆ ಕೈ ಅಡ್ಡ ಇಡುತ್ತಿದ್ದೆ. ಅಗಿಯುವ ಬದಲು ಕುಡಿದರೆ ಹೋಗುತ್ತದಲ್ವಾ, ಅದಕ್ಕೇ ಗೇನರ್.

ಡಬ್ಬಿ ಮೇಲೆ ಬರೆದ ಅಳತೆ ಮಾತ್ರ ನಂಬಲಿಲ್ಲ. ಕೆಲವು ಕಂಪನಿಯವರು ಒಂದು ಸಲಕ್ಕೆ 300 ಗ್ರಾಂ ಅಂತ ಬರೆಯುತ್ತಾರೆ, ಅಷ್ಟು ಕುಡಿದರೆ ರಾತ್ರಿ ಊಟ ಯಾರು ಮಾಡಬೇಕು? ದಿನಕ್ಕೆ 300ರಿಂದ 500 ಕ್ಯಾಲೊರಿ ಜಾಸ್ತಿ ಹೋದರೆ ಸಾಕು, ಅದಕ್ಕಿಂತ ಮೇಲಿನದು ಹೊಟ್ಟೆಯ ಸುತ್ತ ಕೂರುತ್ತದೆ. 100 ಗ್ರಾಂ ಪುಡಿ ನೀರಿನಲ್ಲಿ ಕಲಸಿದರೆ ಸುಮಾರು 380 ಕ್ಯಾಲೊರಿ. ವರ್ಕೌಟ್ ಆದ ಮೇಲೆ ಅಷ್ಟೇ ಕುಡಿಯುತ್ತಿದ್ದೆ. ಮುಗಿಸಿದ ಅರ್ಧ ಗಂಟೆಯೊಳಗೇ ಕುಡಿಯಬೇಕು ಅಂತ ಬಾಟಲಿ ಹಿಡಿದು ಓಡುವವರನ್ನು ನೋಡಿದ್ದೇನೆ, ಅಷ್ಟೊಂದು ಅವಸರ ಬೇಡ, ದಿನದ ಒಟ್ಟು ಲೆಕ್ಕ ಮುಖ್ಯ. ಹಾಲಿನಲ್ಲಿ ಕಲಸಿದ ದಿನ ಹೊಟ್ಟೆ ಉಬ್ಬರಿಸಿ ಗ್ಯಾಸ್ ಆಗುತ್ತಿತ್ತು, ನೀರಿಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಪುಡಿಯಲ್ಲೇ ಹಾಲಿನ ಸಕ್ಕರೆ ಇರುತ್ತದೆ, ಅದರ ಮೇಲೆ ಮತ್ತೆ ಹಾಲು ಬೇಡವಿತ್ತು.

ಕೊಳ್ಳುವಾಗ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್, ಸೀಲ್, ತಯಾರಾದ ತಿಂಗಳು ಇವಿಷ್ಟು ನೋಡಿಯೇ ನೋಡುತ್ತೇನೆ. ಕವರ್‌ನಲ್ಲಿ ಬಿಡಿಯಾಗಿ ಕೊಡುವ ಪುಡಿ ಪುಕ್ಕಟೆ ಕೊಟ್ಟರೂ ಬೇಡ. ಪ್ರೋಟೀನನ್ನು ನೈಟ್ರೋಜನ್ ಅಳೆದು ಲೆಕ್ಕ ಹಾಕುವುದರಿಂದ ಗ್ಲೈಸಿನ್, ಟಾರಿನ್ ಥರದ ನೈಟ್ರೋಜನ್ ಇರುವ ಅಗ್ಗದ ಪುಡಿಗಳನ್ನು ಬೆರೆಸಿ ಅಂಕಿ ಹೆಚ್ಚು ತೋರಿಸುವವರೂ ಇದ್ದಾರೆ.

ಪುಡಿಗಿಂತ ಹೆಚ್ಚು ಕೆಲಸ ಮಾಡಿದ್ದು ಜಿಮ್‌ನ ಬಾರ್, ಅಂದರೆ ಪ್ಲೇಟ್ ಹಾಕಿ ಎತ್ತುವ ಕಬ್ಬಿಣದ ಸರಳು. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್, ರೋ, ವ್ಯಾಯಾಮ ಇಷ್ಟೇ. ಎಲ್ಲ ಸುತ್ತಿನಲ್ಲೂ (ಸೆಟ್) ಹತ್ತು ಸಲ (ರೆಪ್) ಆರಾಮಾಗಿ ಎತ್ತಲು ಬಂದರೆ ಮುಂದಿನ ಸಲ ಎರಡೂವರೆ ಕೆಜಿ ಜಾಸ್ತಿ. ನಮ್ಮ ಜಿಮ್‌ನಲ್ಲಿ 1.25 ಕೆಜಿಯ ಪ್ಲೇಟ್ ಯಾವಾಗಲೂ ಕಾಣೆ, ಕೊನೆಗೆ ಒಂದು ಜೋಡಿ ನಾನೇ ಕೊಂಡು ಬ್ಯಾಗಿನಲ್ಲಿ ಒಯ್ಯುತ್ತಿದ್ದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೂಕ, ಜೊತೆಗೆ ಟೇಪ್ ಹಿಡಿದು ಸೊಂಟ, ತೋಳು. ವಾರಕ್ಕೆ ಕಾಲು ಕೆಜಿ ಏರಿದರೂ ಖುಷಿ. ಸೊಂಟ ಮಾತ್ರ ಏರಿದ ವಾರ ಪುಡಿ ಅರ್ಧ ಮಾಡುತ್ತಿದ್ದೆ. ಹೀಗೆ ನಿಧಾನವಾಗಿ 62 ಮುಟ್ಟಿತು.

ನಮ್ಮಪ್ಪನಿಗೆ ಶುಗರ್ ಇದೆ, ಹಾಗಾಗಿ ಶುರು ಮಾಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿದ್ದೆ. ಶುಗರ್ ಅಥವಾ ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಕೇಳದೆ ಈ ಡಬ್ಬಿ ಮುಟ್ಟಬೇಡಿ.

ಎರಡನೇ ಡಬ್ಬಿ ಖಾಲಿಯಾದ ಮೇಲೆ ಮತ್ತೆ ತರಲಿಲ್ಲ. ಅಷ್ಟರಲ್ಲಿ ಹೊಟ್ಟೆಗೂ ಜಾಸ್ತಿ ತಿನ್ನುವುದು ರೂಢಿಯಾಗಿತ್ತು. ಈಗ ಮಿಕ್ಸಿಯಲ್ಲಿ ಎರಡು ಬಾಳೆಹಣ್ಣು, ಒಂದು ಹಿಡಿ ಹುರಿದ ಶೇಂಗಾ, ಎರಡು ಚಮಚ ಹುರಿಗಡಲೆ ಹಿಟ್ಟು, ದೊಡ್ಡ ಲೋಟ ಗಟ್ಟಿ ಹಾಲು. ಬರೀ ಹಾಲು ನನ್ನ ಹೊಟ್ಟೆಗೆ ತೊಂದರೆ ಕೊಡುವುದಿಲ್ಲ. ಸುಮಾರು 700 ಕ್ಯಾಲೊರಿ, 25 ಗ್ರಾಂ ಪ್ರೋಟೀನ್. ಶೇಂಗಾ ಸಿಪ್ಪೆ ತೆಗೆದು ಹಾಕಿ, ಇಲ್ಲದಿದ್ದರೆ ಗಂಟಲಿಗೆ ಅಂಟುತ್ತದೆ.